‘ಇದು ಆನೆದಂತದ್ದಾ?’

ನನ್ನ ಹಳೆಯ ಮಾಜಾಂಗ್ ಸೆಟ್‌ಗಳನ್ನು ಮುಟ್ಟಿ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಅಲ್ಲ, ದನದ ಮೂಳೆ. ಹಾಗಂದ ಕೂಡಲೇ ಕೆಲವರು ಬಿಲ್ಲೆಯನ್ನು ಮೆಲ್ಲಗೆ ಕೆಳಗಿಡುತ್ತಾರೆ!

ಮಾಜಾಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಚೀನಾದಲ್ಲಿ ನಾಲ್ವರು ಕೂತು ಆಡುವ ಆಟ. ನಮ್ಮ ರಮ್ಮಿಯ ಥರ ಜೋಡಿಸುತ್ತಾ ಹೋಗುವುದು, ಎಲೆಯ ಬದಲು 144 ಬಿಲ್ಲೆ.

‘ಐವರಿ’ ಅಂತ ಚೀಟಿ ಅಂಟಿಸಿ ಮಾರುವ ಸೆಟ್‌ಗಳೂ ಬಹುಪಾಲು ಮೂಳೆಯವೇ. ಭೂತಗನ್ನಡಿ ಹಿಡಿದು ನೋಡಿ. ಮೂಳೆಯಲ್ಲಿ ಸಣ್ಣ ಕಂದು ಚುಕ್ಕೆ, ಗೀರು ಕಾಣುತ್ತವೆ. ರಕ್ತನಾಳ ಹಾದುಹೋದ ದಾರಿಗಳವು. ದಂತದಲ್ಲಿ ಅವು ಇರಲ್ಲ. ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಬಾಗಿದ ಗೆರೆಗಳಿರುತ್ತವೆ. ಕಾದ ಸೂಜಿ ಚುಚ್ಚಿ ನೋಡಿ ಅನ್ನುವವರ ಮಾತು ಕೇಳಬೇಡಿ, ಸುಮ್ನೆ ಒಂದು ಬಿಲ್ಲೆ ಹಾಳು. ಇನ್ನು ನಿಜವಾಗಿ ದಂತದ್ದೇ ಅಂತಾದರೆ ನಾನಂತೂ ಕೈಹಾಕಲ್ಲ. ಭಾರತದಲ್ಲಿ ದಂತದ ವ್ಯಾಪಾರ ಕಾನೂನಿಗೆ ವಿರುದ್ಧ.

ನನಗೆ ಮೂಳೆಯ ಕಥೆಯೇ ಜಾಸ್ತಿ ಇಷ್ಟ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಕೆಲಸದ ಮೇಲೆ ಚೀನಾದ ಸುಝೌನಲ್ಲಿದ್ದ ಜೋಸೆಫ್ ಬ್ಯಾಬ್‌ಕಾಕ್ ಎಂಬ ಅಮೆರಿಕನ್, 1920ರಲ್ಲಿ ಆಟದ ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದ. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕಕ್ಕೆ ಮಾಜಾಂಗ್ ಹುಚ್ಚು ಹಿಡಿಯಿತು. ಬಿಲ್ಲೆ ಕೆತ್ತುತ್ತಿದ್ದ ಶಾಂಘೈಯಲ್ಲಿ ಮೂಳೆಯೇ ಸಾಲದಾಯಿತು. ಆಗ ಶಿಕಾಗೋದ ಕಸಾಯಿಖಾನೆಗಳಿಂದ ದನದ ಮೂಳೆ ಹಡಗು ಹತ್ತಿ ಚೀನಾಕ್ಕೆ ಬಂತು, ಕೆತ್ತಿಸಿಕೊಂಡು ಮತ್ತೆ ಅಮೆರಿಕಕ್ಕೇ ವಾಪಸ್ ಹೋಯಿತು! ಬಿಲ್ಲೆಯ ಮೂಲೆಯಲ್ಲಿ 1, 2, 3 ಅಂತ ಅಂಕಿ ಇದ್ದರೆ ಅದು ಚೀನೀ ಅಕ್ಷರ ಬಾರದವರಿಗೆಂದು ಕೆತ್ತಿದ್ದು.

ಬಿಲ್ಲೆಯನ್ನು ಅಡ್ಡ ಹಿಡಿದು ನೋಡಿ. ಮುಂದೆ ಮೂಳೆ, ಹಿಂದೆ ಬಿದಿರು. ಎರಡೂ ಒಂದನ್ನೊಂದು ಕಚ್ಚಿಕೊಳ್ಳುವಂತೆ ಕೊರೆದು, ಪಕ್ಕದಿಂದ ಜಾರಿಸಿ ಕೂರಿಸಿದ್ದಾರೆ. ಮೊಳೆ ಇಲ್ಲ. ಮೂಳೆ ದಪ್ಪ ಇದ್ದಷ್ಟೂ ಬೆಲೆ ಜಾಸ್ತಿ. ನಾನು ಮಾತ್ರ ಮೊದಲು ಹುಡುಕುವುದು ‘ಬಿದಿರು’ ಸಾಲಿನ (ಇಸ್ಪೀಟಿನ ಇಸ್ಪೀಟು, ಆಟೀನುಗಳ ಹಾಗೆ ಇದೂ ಒಂದು ಗುಂಪು) ಒಂದನೇ ಬಿಲ್ಲೆಯನ್ನು. ಅದರ ಮೇಲೊಂದು ಹಕ್ಕಿ ಇರುತ್ತದೆ. ಒಂದು ಸೆಟ್‌ನಲ್ಲಿ ನವಿಲು, ಇನ್ನೊಂದರಲ್ಲಿ ಕೊಕ್ಕರೆ. ಕೆತ್ತಿದವನ ಕೈ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತೆ.

ಕೊಳ್ಳುವ ಮುಂಚೆ ಬಿಲ್ಲೆ ಎಣಿಸಿ, ಹಿಂಬದಿಯ ಬಿದಿರಿನ ಬಣ್ಣ ಹೊಂದುತ್ತಾ ನೋಡಿ. ಹೊಂದದಿದ್ದರೆ ಬೇರೆ ಸೆಟ್‌ನಿಂದ ತಂದು ಸೇರಿಸಿದ್ದು. ಏನೂ ಕೆತ್ತದ ನಾಲ್ಕು ಬಿಳಿ ಬಿಲ್ಲೆ ಸಿಕ್ಕರೆ ಕೆಲಸಕ್ಕೆ ಬಾರದವು ಅಂದುಕೊಳ್ಳಬೇಡಿ. ಆಟದಲ್ಲಿ ‘ಬಿಳಿ ಡ್ರ್ಯಾಗನ್’ ಅಂತೊಂದು ಬಿಲ್ಲೆ ಇದೆ, ಎಷ್ಟೋ ಹಳೆಯ ಸೆಟ್‌ಗಳಲ್ಲಿ ಅದು ಇದೇ.