ಪಿಂಚಣಿಯ ಲೆಕ್ಕದಲ್ಲಿ ರಾಜ್ಯದ ಮಾತು

ಸಕಲೇಶಪುರದ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ತೋಟಗಳಲ್ಲಿ ಕಾಫಿ ಹಣ್ಣು ಕುಯ್ದು, ಏಲಕ್ಕಿ ಬಿಡಿಸಿ ಆಯಸ್ಸು ಕಳೆದವರು. ತಿಂಗಳಿಗೊಮ್ಮೆ ಅಂಚೆ ಕಚೇರಿಯಲ್ಲಿ ಎಂಟ್ರಿ ಹಾಕಿಸಿಕೊಂಡು ಬಂದು, ಸೆರಗಿನ ಗಂಟಿನಿಂದ ಪಾಸ್‌ಬುಕ್ ತೆಗೆದು, "ಮೇಷ್ಟ್ರೇ, ಎಷ್ಟು ಬಿದ್ದೈತೆ ನೋಡಿ" ಎನ್ನುತ್ತಾರೆ. 1,200 ರೂಪಾಯಿ. ಯೋಜನೆಯ ಹೆಸರು ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. ಹೆಸರಿನಲ್ಲಿ 'ರಾಷ್ಟ್ರೀಯ' ಎಂದಿದ್ದರೂ ಆ 1,200ರಲ್ಲಿ ಕೇಂದ್ರದ ಪಾಲು 200 ರೂಪಾಯಿ ಮಾತ್ರ. ಮಿಕ್ಕಿದ್ದನ್ನು ಕೊಡುವುದು ಕರ್ನಾಟಕ ಸರ್ಕಾರ. 1995ರಲ್ಲಿ 75 ರೂಪಾಯಿಯಿಂದ ಆರಂಭವಾದ ಈ ಕೇಂದ್ರದ ಪಾಲು 2007ರಲ್ಲಿ ಯೋಜನೆಗೆ ಈಗಿನ ಹೆಸರು ಬಂದಾಗ 200 ಇತ್ತು, ಎಂಬತ್ತು ತುಂಬದವರಿಗೆ ಇಂದಿಗೂ ಅಷ್ಟೇ ಇದೆ.

ಯಾರು ಅರ್ಹರು, ಕೇಂದ್ರ ಎಷ್ಟು ಕೊಡಬೇಕು ಎಂಬುದನ್ನು ತೀರ್ಮಾನಿಸುವುದು ದೆಹಲಿ. ಆ ಮೊತ್ತ ಸಾಲದೆಂದು ವೃದ್ಧರು ನಾಡಕಚೇರಿಯ ಮೆಟ್ಟಿಲು ಹತ್ತಿದಾಗ ಉತ್ತರ ಹೇಳಬೇಕಾದದ್ದು ರಾಜ್ಯ. ಹಣದ ಬಹುಪಾಲನ್ನು ಹೊರುವವರಿಗೆ ಯೋಜನೆಯ ರೂಪರೇಷೆಯಲ್ಲಿ ಮತವಿಲ್ಲ ಎಂಬ ಈ ಸ್ಥಿತಿಯನ್ನೇ ನಾನು ಹಲವು ವರ್ಷಗಳಿಂದ ನನ್ನ ಸಂಬಳದ ಚೀಟಿಯಲ್ಲೂ ಕಾಣುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ, 2007ರಲ್ಲಿ ಕೆಲಸಕ್ಕೆ ಸೇರಿದವನು. ಕೇಂದ್ರ ಸರ್ಕಾರವು 2004ರ ಜನವರಿ 1ರ ನಂತರ ಸೇರಿದ ತನ್ನ ನೌಕರರಿಗೆ ಹೊಸ ಪಿಂಚಣಿ ಪದ್ಧತಿಯನ್ನು ತಂದಿತು. ಹಳೆಯದರಲ್ಲಿ ಕೊನೆಯ ಸಂಬಳದ ಆಧಾರದ ಮೇಲೆ ನಿಗದಿಯಾದ ಪಿಂಚಣಿಯನ್ನು ಬೊಕ್ಕಸವೇ ಕೊಡುತ್ತದೆ, ಹೊಸದರಲ್ಲಿ ನೌಕರನೂ ಸರ್ಕಾರವೂ ತಿಂಗಳು ತಿಂಗಳು ಕಟ್ಟಿದ ಹಣವನ್ನು ನಿಧಿಯಲ್ಲಿ ಹೂಡಿ, ಅದು ಬೆಳೆದಷ್ಟರಿಂದ ಪಿಂಚಣಿ ಬರುತ್ತದೆ. ಕರ್ನಾಟಕ ಈ ಹೊಸ ಪದ್ಧತಿಯನ್ನು 2006ರ ಏಪ್ರಿಲ್ 1ರಿಂದ ಒಪ್ಪಿಕೊಂಡಿತು. ಒಪ್ಪಲೇಬೇಕೆಂಬ ಕಡ್ಡಾಯವೇನೂ ಇರಲಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ, ಅಂದರೆ ರಾಜ್ಯಗಳೇ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ, 42ನೇ ನಮೂದಾಗಿ ರಾಜ್ಯದ ಬೊಕ್ಕಸದಿಂದ ಕೊಡುವ ಪಿಂಚಣಿ ಸ್ಪಷ್ಟವಾಗಿ ಇದೆ, ಪಶ್ಚಿಮ ಬಂಗಾಳ ಹಳೆಯ ಪದ್ಧತಿಯಲ್ಲೇ ಉಳಿಯಿತು. ಆದರೆ ಒಳಗೆ ಬಂದ ರಾಜ್ಯಕ್ಕೆ ಆ ಸ್ವಾತಂತ್ರ್ಯ ಹೊಸ್ತಿಲಲ್ಲೇ ಉಳಿದುಬಿಡುತ್ತದೆ. ನಿಧಿಯನ್ನು ನೋಡಿಕೊಳ್ಳುವ ನಿಯಂತ್ರಣ ಪ್ರಾಧಿಕಾರವು 2013ರ ಕೇಂದ್ರ ಕಾಯ್ದೆಯಡಿ ಇದೆ. ಅದರ ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ಕೇಂದ್ರ. ಹಣ ಎಲ್ಲಿ ಹೂಡಬೇಕು, ನಿವೃತ್ತಿಯ ದಿನ ಎಷ್ಟು ಕೈಗೆ ಕೊಟ್ಟು ಎಷ್ಟನ್ನು ವರ್ಷಾಶನಕ್ಕೆ (ಕಟ್ಟಿದ ಹಣಕ್ಕೆ ಪ್ರತಿಯಾಗಿ ವಿಮಾ ಕಂಪನಿ ನಿಯಮಿತವಾಗಿ ಕೊಡುವ ಪಿಂಚಣಿಗೆ) ಕಟ್ಟಿಸಬೇಕು ಎಂಬ ನಿಯಮಗಳೆಲ್ಲ ಅಲ್ಲಿಂದಲೇ ಬರುತ್ತವೆ.

ಹೊರಗೆ ಹೋಗುವುದು ಎಷ್ಟು ಕಷ್ಟವೆಂಬುದು 2022ರ ನಂತರ ಬಯಲಾಯಿತು. ರಾಜಸ್ಥಾನ, ಛತ್ತೀಸ್‌ಗಢ, ಹಿಮಾಚಲ ಪ್ರದೇಶಗಳಂಥ ರಾಜ್ಯಗಳು ಹಳೆಯ ಪಿಂಚಣಿಗೆ ಮರಳುವುದಾಗಿ ಘೋಷಿಸಿ, ತಮ್ಮ ನೌಕರರ ಹೆಸರಿನಲ್ಲಿ ಕಟ್ಟಿದ ಹಣವನ್ನು ಹಿಂದಕ್ಕೆ ಕೇಳಿದವು. ಆ ಹಣ ನೌಕರರ ಖಾತೆಯದು, ರಾಜ್ಯಕ್ಕೆ ಮರಳಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಉತ್ತರಿಸಿತು. ನೌಕರನಾಗಿ ನನಗೆ ಆ ಉತ್ತರದ ಮೊದಲರ್ಧ ಸಮಾಧಾನವನ್ನೇ ಕೊಡುತ್ತದೆ, ಏಕೆಂದರೆ ಚುನಾವಣೆಯ ವರ್ಷದಲ್ಲಿ ಯಾವ ಸರ್ಕಾರವಾದರೂ ನನ್ನ ಹಣಕ್ಕೆ ಕೈ ಹಾಕುವುದು ಬೇಡ. ಆದರೆ ಸೇರುವ ಬಾಗಿಲನ್ನು ಬರೆದವರೇ ಹೊರಡುವ ಬಾಗಿಲನ್ನು ಬರೆಯದೆ ಬಿಟ್ಟರೆ, ರಾಜ್ಯಪಟ್ಟಿಯ ನಮೂದಿಗೆ ಉಳಿಯುವ ಬೆಲೆಯೆಷ್ಟು ಎಂದೂ ಕೇಳಬೇಕಾಗುತ್ತದೆ.

ಮುಂದಿನ ತಿದ್ದುಪಡಿಯೂ ಅದೇ ದಾರಿ ಹಿಡಿಯಿತು. 2023ರಲ್ಲಿ ಕೇಂದ್ರದ ಹಣಕಾಸು ಕಾರ್ಯದರ್ಶಿ ಟಿ. ವಿ. ಸೋಮನಾಥನ್ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಗಿ, 2024ರ ಆಗಸ್ಟ್ 24ರಂದು ಏಕೀಕೃತ ಪಿಂಚಣಿ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. 25 ವರ್ಷ ಸೇವೆ ಪೂರೈಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯ ಅರ್ಧ, ಹತ್ತು ವರ್ಷ ಪೂರೈಸಿದವರಿಗೆ ಕನಿಷ್ಠ 10,000 ರೂಪಾಯಿ, ಅದಕ್ಕಾಗಿ ಸರ್ಕಾರದ ವಂತಿಗೆ 14ರಿಂದ 18.5 ಶೇಕಡಕ್ಕೆ ಏರಿಕೆ. ಯೋಜನೆ ಕೆಟ್ಟದ್ದೆಂದು ನಾನು ಹೇಳಲಾರೆ. ಸಮಿತಿಯು ಬಹುತೇಕ ರಾಜ್ಯಗಳೊಡನೆ ಸಮಾಲೋಚಿಸಿದೆ ಎಂದೂ ಕೇಂದ್ರ ತಿಳಿಸಿತ್ತು. ಆದರೆ ಸಮಿತಿಯ ಸದಸ್ಯರೆಲ್ಲ ಕೇಂದ್ರದ ಕಡೆಯವರೇ. ಕೇಂದ್ರ ಸಿದ್ಧಪಡಿಸಿದ್ದನ್ನು ಬೇಕಿದ್ದರೆ ತೆಗೆದುಕೊಳ್ಳಿ ಎನ್ನುವಲ್ಲಿಗೆ ರಾಜ್ಯಗಳ ಪಾತ್ರ ಮುಗಿಯಿತು. ಹಾಗೆ ತೆಗೆದುಕೊಂಡರೆ ಆ 18.5 ಶೇಕಡವನ್ನು ಹೊಂದಿಸಬೇಕಾದದ್ದು ರಾಜ್ಯದ ಬಜೆಟ್.

ಬೇರೆ ವ್ಯವಸ್ಥೆ ಸಾಧ್ಯವೇ ಇಲ್ಲವೆಂದಲ್ಲ. ಕೆನಡಾದ ಸಾರ್ವಜನಿಕ ಪಿಂಚಣಿ ಯೋಜನೆಯಲ್ಲಿ ಮುಖ್ಯ ಬದಲಾವಣೆ ಮಾಡಬೇಕಾದರೆ ಹತ್ತು ಪ್ರಾಂತ್ಯಗಳಲ್ಲಿ ಕನಿಷ್ಠ ಏಳು ಒಪ್ಪಬೇಕು, ಆ ಏಳರಲ್ಲಿ ದೇಶದ ಮೂರನೇ ಎರಡರಷ್ಟು ಜನಸಂಖ್ಯೆ ಇರಬೇಕು. ಕ್ವಿಬೆಕ್ ಪ್ರಾಂತ್ಯವಂತೂ 1966ರಿಂದ ತನ್ನದೇ ಯೋಜನೆ ನಡೆಸುತ್ತಿದೆ. ಅಷ್ಟು ದೂರ ಹೋಗುವುದೇಕೆ, ನಮ್ಮಲ್ಲೇ, ಸರಕು ಮತ್ತು ಸೇವಾ ತೆರಿಗೆಯ ವಿಷಯಗಳನ್ನು ಕೇಂದ್ರವೂ ರಾಜ್ಯಗಳೂ ಕೂಡಿ ಕುಳಿತು ತೀರ್ಮಾನಿಸುವ ಜಿಎಸ್‌ಟಿ ಮಂಡಳಿ ಇದೆ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳೆಲ್ಲದರ ಮತಕ್ಕೆ ಮೂರನೇ ಎರಡು. ನಾಲ್ಕನೇ ಮೂರರಷ್ಟು ತೂಕ ಕೂಡಿಬರದೆ ಯಾವ ನಿರ್ಣಯವೂ ಆಗದು. ಆ ಮಂಡಳಿಯ ಬಗ್ಗೆಯೂ ರಾಜ್ಯಗಳಿಗೆ ದೂರುಗಳಿವೆ. ಆದರೂ ತೆರಿಗೆ ಎತ್ತುವುದಕ್ಕೆ ಒಂದು ಮೇಜು ಹಾಕಿ ಕುರ್ಚಿ ಕೊಟ್ಟವರು, ಮೂವತ್ತು ವರ್ಷ ದುಡಿದವರ ಮುಪ್ಪಿನ ಲೆಕ್ಕಕ್ಕೆ ಅಂಥದ್ದೊಂದು ಮೇಜನ್ನು ಏಕೆ ಹಾಕಬಾರದು? ಹಳೆಯ ಪಿಂಚಣಿಯೇ ಬೇಕೆಂದು ಪಟ್ಟು ಹಿಡಿದಿರುವ ನನ್ನ ಸಹೋದ್ಯೋಗಿಗಳಿಗೆ ಈ ವಾದ ಸಪ್ಪೆ ಎನಿಸುತ್ತದೆ. ನಾಳಿನ ಮಕ್ಕಳ ಶಾಲೆ, ರಸ್ತೆಗಳ ಹಣವೂ ಅದೇ ಬೊಕ್ಕಸದಿಂದ ಬರಬೇಕಲ್ಲವೇ ಎಂದರೆ ಚಹಾದ ಲೋಟ ಕೆಳಗಿಟ್ಟು ಎದ್ದು ಹೋಗುವವರೂ ಇದ್ದಾರೆ.

ರಾಜ್ಯದ ಕೈ ಪೂರ್ತಿ ಕಟ್ಟಿಹೋಗಿದೆ ಎಂದೂ ಹೇಳುವಂತಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು, 2006ರ ಏಪ್ರಿಲ್‌ಗೆ ಮೊದಲು ನೇಮಕಾತಿ ಅಧಿಸೂಚನೆಯಾಗಿ ನಂತರ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರನ್ನು ಹಳೆಯ ಪಿಂಚಣಿಗೆ ಸೇರಿಸಲು ಆದೇಶ ಹೊರಡಿಸಿತು. ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಮೇಜಿನವರೂ ನಾನೂ ಸೇರಿದ್ದು ಒಂದೇ ವರ್ಷ, ಆದರೆ ಅವರ ಅಧಿಸೂಚನೆ 2005ರದು, ನನ್ನದು 2006ರ ಕೊನೆಯದು. ಆದೇಶದ ಪ್ರತಿಯ ಜೊತೆಗೆ ಆ ಹಳದಿ ಬಿದ್ದ ಅಧಿಸೂಚನೆಯ ಜೆರಾಕ್ಸ್ ಇಟ್ಟು ಅವರು ಅರ್ಜಿ ತುಂಬಿದ ದಿನ, ಸ್ಟೇಪ್ಲರ್ ಕೊಟ್ಟವನು ನಾನು.