ಮ್ಯೂಆನ್ ಬೇಗ ಸಾಯೋದು ದೊಡ್ಡ ತಲೆನೋವಲ್ಲ

ಮ್ಯೂಆನ್ ಅಂದರೆ ಎಲೆಕ್ಟ್ರಾನ್‌ನ ಭಾರದ ಅಣ್ಣನಂಥ ಕಣ. ಅದನ್ನು ರಿಂಗ್‌ನಲ್ಲಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರ, ಅಂದರೆ ಮ್ಯೂಆನ್ ಕೊಲೈಡರ್, ಅದರ ಬಗ್ಗೆ ಬಾಯಿ ಬಿಟ್ಟರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: ಹುಟ್ಟಿದ ತಕ್ಷಣ ಸಾಯುವ ಕಣವನ್ನು ಓಡಿಸಿ ಡಿಕ್ಕಿ ಹೊಡೆಸೋದು ಹೇಗೆ? ನಿಜ, ನಿಂತ ಮ್ಯೂಆನ್‌ನ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಆದರೆ ಓಡುವ ಕಣದ ಗಡಿಯಾರ ನಿಧಾನ. 5 ಟಿಇವಿ (ಕಣಗಳ ಶಕ್ತಿ ಅಳೆಯುವ ಘಟಕ, ಟೆರಾ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಗೆ ಏರಿಸಿದರೆ ಅದೇ ಮ್ಯೂಆನ್ ನಮ್ಮ ಲೆಕ್ಕದಲ್ಲಿ ಸುಮಾರು 0.1 ಸೆಕೆಂಡ್ ಬದುಕುತ್ತದೆ. ಅಷ್ಟರಲ್ಲಿ 10 ಕಿ.ಮೀ. ಸುತ್ತಳತೆಯ ರಿಂಗ್‌ನಲ್ಲಿ ಮೂರು ಸಾವಿರ ಸುತ್ತು. ಸಾಕಲ್ವಾ?

ಎಲೆಕ್ಟ್ರಾನ್ ಬಿಟ್ಟು ಮ್ಯೂಆನ್‌ಗೆ ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ಎಲೆಕ್ಟ್ರಾನ್ ತಿರುವಿನಲ್ಲಿ ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳುತ್ತದೆ. ಮ್ಯೂಆನ್ 207 ಪಟ್ಟು ಭಾರ, ಹಾಗಾಗಿ ಅದೇ ಶಕ್ತಿಯಲ್ಲಿ ಅದೇ ರಿಂಗ್‌ನಲ್ಲಿ ಈ ಸೋರಿಕೆ ಸುಮಾರು 180 ಕೋಟಿ ಪಟ್ಟು ಕಮ್ಮಿ. ಪ್ರೋಟಾನ್ ಅಂತೀರಾ? ಅದು ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳ ಮೂಟೆ. ಡಿಕ್ಕಿಯಾಗೋದು ಒಳಗಿನ ತುಣುಕುಗಳು, ಹಾಗಾಗಿ ಪ್ರೋಟಾನ್‌ನ ಶಕ್ತಿಯಲ್ಲಿ ಒಂದು ಪಾಲು ಮಾತ್ರ ಡಿಕ್ಕಿಗೆ ಸಿಗೋದು.

ನನ್ನ ಪ್ರಕಾರ ನಿಜವಾದ ತಲೆನೋವು ಕೂಲಿಂಗ್, ಅಂದರೆ ಚೆದುರಿದ ಮ್ಯೂಆನ್‌ಗಳನ್ನು ಒಟ್ಟುಗೂಡಿಸೋದು. ಪ್ರೋಟಾನ್ ಬೀಮನ್ನು ಟಾರ್ಗೆಟ್‌ಗೆ ಬಡಿದರೆ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಬರುತ್ತವೆ, ಅವು ಒಡೆದು ಮ್ಯೂಆನ್ ಆಗುತ್ತವೆ, ಆಮೇಲೆ ಜಾತ್ರೆ ಬಿಟ್ಟ ಜನರ ಹಾಗೆ ಸಿಕ್ಕ ಸಿಕ್ಕ ದಿಕ್ಕಿಗೆ ಹೊರಡುತ್ತವೆ. ಇವನ್ನು ಕೂದಲಿನಂಥ ಬೀಮ್ ಮಾಡಬೇಕು, ಅದೂ ಸಾಯುವ ಮೊದಲು. ಉಪಾಯ ಸರಳ. ಗುಂಪನ್ನು ದ್ರವ ಹೈಡ್ರೋಜನ್ ಥರದ ಹಗುರ ವಸ್ತುವಿನ ಮೂಲಕ ನುಗ್ಗಿಸಿ; ಮುಂದಿನ ವೇಗವೂ ಅಡ್ಡ ವೇಗವೂ ಎರಡೂ ತಗ್ಗುತ್ತವೆ. ಆಮೇಲೆ ಆರ್‌ಎಫ್ ಕ್ಯಾವಿಟಿಯಿಂದ (ರೇಡಿಯೋ ಅಲೆಯ ವಿದ್ಯುತ್ ಬಲದಿಂದ ಕಣ ತಳ್ಳುವ ಲೋಹದ ಪೆಟ್ಟಿಗೆ) ಮುಂದಕ್ಕೆ ಮಾತ್ರ ತಳ್ಳಿ. ಹೀಗೇ ಮತ್ತೆ ಮತ್ತೆ. ಸೀಸದಂಥ ಭಾರದ ಲೋಹ ಇಟ್ಟರೆ ಕೆಟ್ಟಿತು, ಅದರ ನ್ಯೂಕ್ಲಿಯಸ್‌ಗಳು ಮ್ಯೂಆನ್‌ಗಳನ್ನು ಮತ್ತೆ ಚೆದುರಿಸುತ್ತವೆ.

ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್‌ಟನ್ ಲ್ಯಾಬ್‌ನಲ್ಲಿ 'ಮೈಸ್' ಪ್ರಯೋಗ ಇದನ್ನು ಮಾಡಿ ತೋರಿಸಿತು, ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಮ್ಯೂಆನ್ ನುಗ್ಗಿಸಲು ಇಟ್ಟ ಅಬ್ಸಾರ್ಬರ್‌ಗಳಲ್ಲಿ ಒಂದು ಬರೀ ಆರೂವರೆ ಸೆಂಟಿಮೀಟರ್ ದಪ್ಪದ ಲಿಥಿಯಂ ಹೈಡ್ರೈಡ್ ಬಿಲ್ಲೆ! ಆದರೆ ಅಲ್ಲಿ ಮ್ಯೂಆನ್‌ಗಳನ್ನು ಒಂದೊಂದಾಗಿ ಅಳೆದರು, ಮತ್ತೆ ಮುಂದಕ್ಕೆ ತಳ್ಳುವ ಕೆಲಸ ಇರಲಿಲ್ಲ. ಅದನ್ನೂ ಸೇರಿಸಿ ಇಡೀ ಸಾಲು ಕಟ್ಟೋದು ಇನ್ನೂ ಬಾಕಿ.

ಇನ್ನೊಂದು ವಿಚಿತ್ರ ನ್ಯೂಟ್ರಿನೋ, ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿ ಹೋಗಬಲ್ಲ ಕಣ; ಮ್ಯೂಆನ್ ಸತ್ತಾಗ ಹುಟ್ಟುತ್ತದೆ. 1965ರಲ್ಲಿ ನಮ್ಮ ಕೆಜಿಎಫ್ ಗಣಿಯಲ್ಲಿ ಬೆರಳೆಣಿಕೆಯ ನ್ಯೂಟ್ರಿನೋ ಗುರುತು ಹಿಡಿಯಲು ಎರಡು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿದ್ದರು, ಅದೂ ಮೇಲಿಂದ ಸುರಿಯುವ ಇದೇ ಮ್ಯೂಆನ್‌ಗಳ ಕಾಟ ತಪ್ಪಿಸಿಕೊಳ್ಳಲು. ಇಲ್ಲಿ ಉಲ್ಟಾ. ರಿಂಗ್‌ನಲ್ಲಿ ಸಾಯುವ ಮ್ಯೂಆನ್‌ಗಳಿಂದ ನ್ಯೂಟ್ರಿನೋ ಎಷ್ಟು ಹೊರಡುತ್ತವೆ ಅಂದರೆ, ದೂರದಲ್ಲಿ ಅವು ನೆಲದಿಂದ ಮೇಲೆ ಬರುವ ಜಾಗದಲ್ಲಿ ರೇಡಿಯೇಶನ್ ಲೆಕ್ಕ ಹಾಕಬೇಕು. ಹಾಗಾಗಿ ಮ್ಯಾಗ್ನೆಟ್‌ಗಳನ್ನು ಆಗಾಗ ಚೂರೇ ಚೂರು ಅಲುಗಿಸಿ, ಎಲ್ಲವೂ ಒಂದೇ ಹೊಲದ ಮೇಲೆ ಬೀಳದ ಹಾಗೆ ನೋಡಿಕೊಳ್ಳುವ ಯೋಜನೆಯೂ ಡಿಸೈನ್‌ನಲ್ಲಿದೆ.