ಅವರ್ ಮೀಟರ್ ತಾಳೆಯಾಗುವ ತನಕ

ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆಗೆ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ಒಂದು ಯಾರ್ಡು. ಬೆಳಿಗ್ಗೆ ಆರೂವರೆಗೆ ಹನ್ನೊಂದು ಯಂತ್ರ ಸಾಲಾಗಿ ನಿಂತಿದ್ದವು. ಐದು ಎಕ್ಸ್‌ಕವೇಟರು, ಯಾವ ಕಂಪನಿಯದಾದರೂ ಇಲ್ಲಿಯವರ ಬಾಯಲ್ಲಿ ಅದು ಹಿಟಾಚಿಯೇ. ಜನ ಜೆಸಿಬಿ ಎನ್ನುವ ಬ್ಯಾಕ್‌ಹೋ ನಾಲ್ಕು, ಎರಡು ರೋಲರು. ಬಾಡಿಗೆ ಯಂತ್ರಗಳ ಲೆಕ್ಕ ಇಡುವ ಹಳೇ ಕ್ಲೌಡ್ ವ್ಯವಸ್ಥೆಯಿಂದ ಹೊಸದಕ್ಕೆ ಅವತ್ತು ಇವನ್ನೆಲ್ಲ ದಾಟಿಸಬೇಕಿತ್ತು. ಒಂಬತ್ತಕ್ಕೆ ಯಂತ್ರಗಳು ಕೆಲಸಕ್ಕೆ ಹೊರಡುತ್ತವೆ, ಅಷ್ಟರೊಳಗೆ ಪ್ರತಿಯೊಂದಕ್ಕೂ ಲೆಕ್ಕ ಕಳಿಸುವ ಹೊಸ ಡಿವೈಸಿನ ವೈರಿಂಗ್ ಮುಗಿಯಬೇಕು.

ಇಂಥ ಕೆಲಸವನ್ನು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಬಣ್ಣ, ಮ್ಯಾಪಿನ ಚಂದದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಯಂತ್ರ ಓಡಿದ ಗಂಟೆ ಎಣಿಸುವ ಅವರ್ ಮೀಟರಿನಿಂದ. ಬಾಡಿಗೆ ಬಿಲ್ಲು, ಆಪರೇಟರನ ಬಾಟಾ, 250 ಗಂಟೆಗೊಮ್ಮೆ ಬದಲಿಸುವ ಎಂಜಿನ್ ಆಯಿಲ್, ಮೂರೂ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಅದಕ್ಕೇ ಒಂದು ಸ್ಕ್ರೂ ಬಿಚ್ಚುವ ಮೊದಲು ಪ್ರತಿ ಯಂತ್ರದ ಮೀಟರಿನ ಫೋಟೋ, ಪಕ್ಕದಲ್ಲೇ ಚಾಸಿ ನಂಬರಿನ ಫೋಟೋ ತೆಗೆದುಕೊಂಡೆವು. ಹೊಸ ವ್ಯವಸ್ಥೆ ಎಣಿಸಲು ಹೊರಡುವುದು ಆ ಅಂಕಿಯಿಂದ. ಇದನ್ನು ಬಿಟ್ಟರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಸರ್ವಿಸ್ ನೆನಪೋಲೆ ಹೋಗಬೇಕಾದ ದಿನ ಹೋಗುವುದಿಲ್ಲ.

ಮೊದಲ ತೊಡಕು ಎರಡನೇ ಎಕ್ಸ್‌ಕವೇಟರಿನಲ್ಲೇ ಬಂತು. ಹೊಸ ಡಿವೈಸ್ ಸಿಕ್ಕಿಸಿ ಕೀ ತಿರುಗಿಸಿದರೆ ಕ್ಯಾಬಿನ್ನಿನ ಪರದೆ ಮೇಲೆ ಸಂಪರ್ಕ ದೋಷದ ಕೋಡ್. ‘ಸಾರ್, ನಿನ್ನೆ ಸಂಜೆ ತಂಕ ಸರಿ ಇತ್ತು’ ಎಂದ ಆಪರೇಟರ್ ಸುಳ್ಳು ಹೇಳಿರಲಿಲ್ಲ. ಕೀ ಆಫ್ ಮಾಡಿ, ಮೇನ್ ಸ್ವಿಚ್ ತೆಗೆದು, ಒಂಬತ್ತು ಪಿನ್ನಿನ ಕನೆಕ್ಟರಿನ ಸಿ ಮತ್ತು ಡಿ ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿದೆವು. ಯಂತ್ರದೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಜೋಡಿ ವೈರಿಗೆ ಕ್ಯಾನ್ ಬಸ್ ಎನ್ನುತ್ತಾರೆ. ಅದರ ಎರಡು ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ 60 ಓಮ್ ತೋರಿಸಬೇಕು. ಮೀಟರ್ ತೋರಿಸಿದ್ದು 40. ಅಂದರೆ ಮೂರನೇ ರೆಸಿಸ್ಟರ್ ಎಲ್ಲೋ ಸೇರಿಕೊಂಡಿದೆ. ಹೊಸ ಡಿವೈಸಿನೊಳಗೇ ಒಂದು ಇತ್ತು, ಜಂಪರ್ ಎಂಬ ಚಿಕ್ಕ ಕೊಂಡಿ ತೆಗೆದರೆ ಅದು ಕಡಿದುಹೋಗುತ್ತದೆ. ಜಂಪರ್ ತೆಗೆದೆವು, 60 ಬಂತು, ಕೋಡ್ ಹೋಯಿತು. 120 ತೋರಿಸಿದ್ದರೆ ಒಂದು ರೆಸಿಸ್ಟರ್ ಬಿಟ್ಟುಹೋಗಿದೆ ಎಂದು ಅರ್ಥ. ಮುಂದಿನ ಪ್ರತಿ ಯಂತ್ರಕ್ಕೂ ಮೊದಲು ಓಮ್ ನೋಡಿ, ಆಮೇಲೆ ಡಿವೈಸ್ ಸಿಕ್ಕಿಸಿದೆವು. ಒಂದು ನಿಮಿಷದ ಕೆಲಸ ಇದು. ಬಿಟ್ಟರೆ ಎಂಜಿನ್ನಿನ ಕಂಪ್ಯೂಟರಿಗೂ ಪಂಪಿನ ಕಂಪ್ಯೂಟರಿಗೂ ಮಾತು ತಪ್ಪಿ ಯಂತ್ರವೇ ನಿಲ್ಲಬಹುದು.

ಕನೆಕ್ಟರಿನ ಬಣ್ಣವನ್ನೂ ನೋಡಿಕೊಳ್ಳಬೇಕು. ಕಪ್ಪಗಿದ್ದರೆ ಬಸ್ಸಿನ ವೇಗ ಸೆಕೆಂಡಿಗೆ 250 ಕಿಲೋಬಿಟ್, ಹಸಿರಾದರೆ 500.

ಹಳೇ ಡಿವೈಸ್ ಬಸ್ಸಿನ ಮೇಲೆ ಸುಮ್ಮನೆ ಕೇಳಿಸಿಕೊಳ್ಳುತ್ತಿತ್ತು, ಏನನ್ನೂ ಕೇಳುತ್ತಿರಲಿಲ್ಲ. ಎಂಜಿನ್ನಿನ ಒಟ್ಟು ಗಂಟೆಯೋ, ಭಾರೀ ಯಂತ್ರಗಳ ಕ್ಯಾನ್ ಬಸ್ಸಿನ ಭಾಷೆಯಾದ ಜೆ1939 ನಿಯಮದಲ್ಲಿ ಕೇಳಿದರೆ ಮಾತ್ರ ಕೊಡುವ ಮಾಹಿತಿ. ಹೀಗಾಗಿ ಹಳೇ ವ್ಯವಸ್ಥೆ ಕೀ ಆನ್ ಆಗಿದ್ದ ಹೊತ್ತನ್ನೇ ದುಡಿದ ಗಂಟೆ ಎಂದು ಕೂಡಿಸುತ್ತ ಬಂದಿತ್ತು. ಊಟದ ಹೊತ್ತಿನಲ್ಲಿ ಫ್ಯಾನಿಗಾಗಿ ಕೀ ಆನ್ ಬಿಟ್ಟರೂ ಅದು ಗಂಟೆಯೇ. ಹೊಸದರಲ್ಲಿ ಐದು ನಿಮಿಷಕ್ಕೊಮ್ಮೆ ಡಿವೈಸೇ ಒಟ್ಟು ಗಂಟೆ ಇರುವ 65253ನೇ ಗುಂಪಿನ ಮಾಹಿತಿ ಕೇಳುತ್ತದೆ. ಬಂದ ಸಂಖ್ಯೆಯನ್ನು 0.05ರಿಂದ ಗುಣಿಸಿದರೆ ಯಂತ್ರದ ಸ್ವಂತ ಗಂಟೆ ಸಿಗುತ್ತದೆ. ಮಾಹಿತಿ ಇಲ್ಲದಾಗ ಎಂಜಿನ್ ಬೈಟುಗಳನ್ನೆಲ್ಲ ‘ಎಫ್‌ಎಫ್’ ಎಂದು, ಅಂದರೆ ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಅಂಕಿಯಿಂದ, ತುಂಬಿ ಕಳಿಸುತ್ತದೆ, ಇಲ್ಲಿ ಎಚ್ಚರ ಬೇಕು. ಅದನ್ನೂ ಅಂಕಿ ಎಂದೇ ಓದಿದರೆ ಯಂತ್ರ 21 ಕೋಟಿ ಗಂಟೆ ಓಡಿದೆ, ಕೂಲೆಂಟ್ 215 ಡಿಗ್ರಿ ಕಾದಿದೆ ಎಂದು ಬರುತ್ತದೆ. ಹಳೇ ದಾಖಲೆಯಲ್ಲಿ 215 ಡಿಗ್ರಿಯ ಸಾಲುಗಳು ಸಿಕ್ಕವು. ಅಷ್ಟು ಬಿಸಿ ಯಾವ ಎಂಜಿನ್ನಿಗೂ ಏರಿರಲಿಲ್ಲ, ಉತ್ತರವಿಲ್ಲ ಎಂಬುದನ್ನೇ ಉತ್ತರವಾಗಿ ಬರೆದುಕೊಂಡಿದ್ದರು ಅಷ್ಟೆ.

ಹಳೇ ಬ್ಯಾಕ್‌ಹೋ ಮೂರಕ್ಕೆ ಕ್ಯಾನ್ ಬಸ್ಸೇ ಇಲ್ಲ. ಅವುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ ಒಂದು ವೈರ್ ಎಳೆದೆವು. ಎಂಜಿನ್ ತಿರುಗಿದರೆ ಮಾತ್ರ ಅಲ್ಲಿ ಪಲ್ಸ್ ಬರುತ್ತದೆ, ಕೀ ಆನ್ ಇದ್ದಷ್ಟಕ್ಕೆ ಬರುವುದಿಲ್ಲ. ವೈರ್ ಎಳೆಯಲು ಬೇಸರಪಟ್ಟು ಬ್ಯಾಟರಿ ವೋಲ್ಟೇಜ್ ನೋಡಿಯೇ ತೀರ್ಮಾನಿಸುವವರಿದ್ದಾರೆ. ಎಂಜಿನ್ ನಿಂತ ಮೇಲೂ ಬ್ಯಾಟರಿಯ ವೋಲ್ಟೇಜ್ ಒಂದಷ್ಟು ಹೊತ್ತು ಮೇಲೇ ಇರುತ್ತದೆ, ನಿಂತ ಯಂತ್ರ ಓಡಿದಂತೆ ಕಾಣುತ್ತದೆ.

ಕರೆಂಟಿನ ಲೆಕ್ಕವನ್ನೂ ಅಲ್ಲೇ ಮಾಡಿಕೊಂಡೆವು. ಸದಾ ಎಚ್ಚರವಿರುವ ಡಿವೈಸ್ 60 ಮಿಲಿಆಂಪ್ ಎಳೆದರೆ ತಿಂಗಳಿಗೆ 43 ಆಂಪ್-ಅವರ್. ಮಳೆಗಾಲದಲ್ಲಿ ಕೆಲಸವಿಲ್ಲದೆ ನಿಂತ ರೋಲರಿನ ಬ್ಯಾಟರಿ ಇಳಿದುಹೋಗಲು ಅಷ್ಟು ಸಾಕು. ನಿದ್ದೆಯಲ್ಲಿ 5 ಮಿಲಿಆಂಪಿಗೆ ಇಳಿಸಿ, ಆರು ಗಂಟೆಗೊಮ್ಮೆ ಮಾತ್ರ ಎದ್ದು ತಾನಿರುವ ಜಾಗ ಹೇಳುವಂತೆ ಮಾಡಿದೆವು. ದೂರದಿಂದ ಎಂಜಿನ್ ನಿಲ್ಲಿಸುವ ರಿಲೇ ಬೇಕು ಎಂದು ಮಾಲೀಕರು ಕೇಳಿದರು. ಓಡುತ್ತಿರುವ ಎಂಜಿನ್ ನಿಲ್ಲಿಸುವುದನ್ನು ನಾವು ಯಾರಿಗೂ ಹಾಕಿಕೊಡುವುದಿಲ್ಲ, ಬೂಮ್ ಎತ್ತಿ ಇಳಿಜಾರಿನಲ್ಲಿ ನಿಂತಿದ್ದಾಗ ನಿಂತರೆ ಜೀವಕ್ಕೇ ಅಪಾಯ. ನಿಂತ ಎಂಜಿನ್ ಮತ್ತೆ ಸ್ಟಾರ್ಟ್ ಆಗದಂತೆ ತಡೆಯುವುದಷ್ಟೇ ಸಾಕು.

ಒಂಬತ್ತಕ್ಕೆ ಯಂತ್ರಗಳು ಹೊರಟವು. ಅವುಗಳಲ್ಲಿ ಎರಡು ಭದ್ರಾ ಮೇಲ್ದಂಡೆ ಕಾಲುವೆಯ ಅಗೆತಕ್ಕೆ. ಆ ಆಳದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಇಡೀ ದಿನದ ತಲೆನೋವು ಇರುವುದೇ ಇಲ್ಲಿ. ಹತ್ತು ಸೆಕೆಂಡಿಗೆ ಒಂದು ಸಂದೇಶ ಎಂದರೆ ಎಂಟು ಗಂಟೆಗೆ 2,880. ಹಳೇ ಡಿವೈಸಿನ ನೆನಪು 1,000 ಸಂದೇಶಕ್ಕೇ ತುಂಬುತ್ತಿತ್ತು, ಅಂದರೆ 2 ಗಂಟೆ 46 ನಿಮಿಷಕ್ಕೆ. ಆಮೇಲೆ ಹೊಸದು ಹಳೆಯದರ ಮೇಲೆ ಬರೆಯುತ್ತ ಹೋಗಿ ಬೆಳಗಿನ ಕೆಲಸವೆಲ್ಲ ಅಳಿಸಿಹೋಗುತ್ತಿತ್ತು. ಉಳಿದದ್ದು ಸಂಜೆ ಹೆದ್ದಾರಿಗೆ ಬಂದಾಗ ಒಟ್ಟಿಗೇ ಹೋದರೆ, ಸರ್ವರ್ ಅದು ತನಗೆ ಮುಟ್ಟಿದ ಹೊತ್ತನ್ನೇ ಕೆಲಸದ ಹೊತ್ತೆಂದು ಬರೆದುಕೊಳ್ಳುತ್ತಿತ್ತು. ಬಿಸಿಲಲ್ಲಿ ಎಂಟು ಗಂಟೆ ದುಡಿದ ಆಪರೇಟರನ ಲೆಕ್ಕ ಇಪ್ಪತ್ತು ನಿಮಿಷ! ಬಾಟಾ ಹಿಡಿದಿಟ್ಟು ಅವನನ್ನೇ ಬೈದದ್ದೂ ಇದೆ.

ಹೊಸದರಲ್ಲಿ ಮೂರು ಬದಲಾವಣೆ ಮಾಡಿದೆವು. ಡಿವೈಸ್ 20,000 ಸಂದೇಶ ಹಿಡಿದಿಡುತ್ತದೆ. ಪ್ರತಿ ಸಂದೇಶಕ್ಕೂ ಅದು ಹುಟ್ಟಿದ ಜಿಪಿಎಸ್ ಸಮಯ, ಒಂದು ಕ್ರಮಸಂಖ್ಯೆ ಇರುತ್ತದೆ. ಸಂದೇಶ ಸಾಗಿಸುವ ಎಂಕ್ಯೂಟಿಟಿ ನಿಯಮದಲ್ಲಿ ‘ಕನಿಷ್ಠ ಒಮ್ಮೆಯಾದರೂ ತಲುಪಿಸು’ ಎಂದು ಹೇಳಿರುವುದರಿಂದ ಒಂದೇ ಸಂದೇಶ ಎರಡು ಸಲ ಬರುವುದುಂಟು. ಡಿವೈಸ್ ನಂಬರ್, ಕ್ರಮಸಂಖ್ಯೆ ಎರಡೂ ಸೇರಿ ಸಂದೇಶದ ಗುರುತಾಗಿರುವುದರಿಂದ ಎರಡನೆಯದು ತಾನಾಗಿ ಬಿದ್ದುಹೋಗುತ್ತದೆ. ಆ ದಿನದ ವರದಿಯ ಮೇಲೆ 48 ಗಂಟೆ ‘ತಾತ್ಕಾಲಿಕ’ ಎಂದೇ ಇರುತ್ತದೆ, ತಡವಾಗಿ ಬಂದ ಸಂದೇಶ ತನ್ನ ದಿನಕ್ಕೇ ಹೋಗಿ ಸೇರುತ್ತದೆ. ಎಲ್ಲ ಡಿವೈಸುಗಳೂ ಸಂಜೆ ಒಮ್ಮೆಗೇ ಸರ್ವರಿಗೆ ಮುಗಿಬೀಳದಂತೆ ಸೊನ್ನೆಯಿಂದ 120 ಸೆಕೆಂಡಿನೊಳಗೆ ಒಂದೊಂದೂ ಒಂದೊಂದು ಹೊತ್ತು ಕಾದು ಕಳಿಸುತ್ತವೆ.

ಮಧ್ಯಾಹ್ನವೆಲ್ಲ ಹಳೇ ದಾಖಲೆ ತರುವ ಕೆಲಸ. ಒಂದು ಬ್ಯಾಕ್‌ಹೋ ಮಧ್ಯಾಹ್ನ ಒಂದೂವರೆಗೆ ಶುರುವಾಗಿ ರಾತ್ರಿ ಹನ್ನೊಂದೂವರೆಗೆ ಮುಗಿಸುತ್ತಿದೆ ಎಂದು ಬಂತು, ತಿಂಗಳುಗಟ್ಟಲೆ. ಹಾಗೆ ಯಾರೂ ದುಡಿಯುವುದಿಲ್ಲ. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆಯನ್ನು ಎರಡು ಸಲ ಕೂಡಿಸಿದ್ದರು, ನಿಜವಾದ ಹೊತ್ತು ಎಂಟರಿಂದ ಆರು. ಈಗ ಒಳಗೆಲ್ಲ ಯುಟಿಸಿಯಲ್ಲೇ ಇಟ್ಟು, ತೋರಿಸುವಾಗ ಮಾತ್ರ ನಮ್ಮ ಸಮಯಕ್ಕೆ ತಿರುಗಿಸುತ್ತೇವೆ. ದಿನ ಬದಲಾಗುವುದು ನಮ್ಮ ರಾತ್ರಿ ಹನ್ನೆರಡಕ್ಕೆ, ಬೆಳಗಿನ ಐದೂವರೆಗಲ್ಲ.

ಸಂಜೆ ಆರೂಕಾಲಿಗೆ ಯಂತ್ರಗಳು ವಾಪಸ್ ಬಂದವು. ಕಾಲುವೆಯ ಎರಡೂ ಎಕ್ಸ್‌ಕವೇಟರುಗಳ ಸಂದೇಶ ನಾಲ್ಕೈದು ನಿಮಿಷದಲ್ಲಿ ಇಳಿದವು. ಮೀಟರಿನಲ್ಲಿ 8.1 ಗಂಟೆ, ಪರದೆಯಲ್ಲೂ 8.1. ಇನ್ನೊಂದರಲ್ಲಿ 7.6, 7.6. ಒಂಬತ್ತು ಯಂತ್ರ ತಾಳೆಯಾದವು.

ರೋಲರುಗಳು ಮಾತ್ರ ಉಳಿದವು. ಅವತ್ತಿನ ಗಂಟೆ ಸರಿಯಿದೆ, ಹಿಂದಿನ ಚರಿತ್ರೆ ಅದಲುಬದಲಾಗಿದೆ. ಯಾವಾಗಲೋ ಒಂದರ ಡಿವೈಸ್ ಕೆಟ್ಟಾಗ ಇನ್ನೊಂದರದ್ದನ್ನು ಬಿಚ್ಚಿ ಹಾಕಿದ್ದಾರೆ. ಹಳೇ ವ್ಯವಸ್ಥೆಗೆ ಡಿವೈಸೇ ಯಂತ್ರ, ಡಿವೈಸ್ ಹೋದ ಕಡೆಗೆ ಚರಿತ್ರೆಯೂ ಹೋಗಿದೆ. ಹೊಸದರಲ್ಲಿ ಚಾಸಿ ನಂಬರೇ ಯಂತ್ರ, ಯಾವ ಡಿವೈಸ್ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅದರಲ್ಲಿತ್ತು ಎಂಬುದಕ್ಕೆ ಬೇರೆ ಪಟ್ಟಿ. ಆ ತಾರೀಖು ಹುಡುಕಲು ಮಾಲೀಕರ ಡೀಸೆಲ್ ಪುಸ್ತಕ, ಲಾಗ್ ಶೀಟಿನ ಕಟ್ಟು ಎರಡನ್ನೂ ಇಸಕೊಂಡು, ಆಫೀಸ್ ಶೆಡ್ಡಿನ ಲೈಟ್ ಹಾಕಿ ಕೂತೆವು.